ಸತ್ತರು ಎಂದು ಯಾವಾಗ ಹೇಳಬೇಕು?

2021ರ ಜೂನ್ 14ರಂದು ನಟ ಸಂಚಾರಿ ವಿಜಯ್ ತೀರಿಕೊಂಡರೆಂಬ ಸುದ್ದಿ ಹರಡಿ, ಚಿತ್ರರಂಗದವರೂ ಅಭಿಮಾನಿಗಳೂ ಶ್ರದ್ಧಾಂಜಲಿ ಸಲ್ಲಿಸತೊಡಗಿದರು. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು: ಮಿದುಳು ನಿಷ್ಕ್ರಿಯವಾಗಿದೆ, ಹೃದಯ ಇನ್ನೂ ಬಡಿಯುತ್ತಿದೆ. ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ತಲೆಗೆ ಪೆಟ್ಟು ಬಿದ್ದಿದ್ದ ಅವರ ಅಂಗಾಂಗಗಳನ್ನು ದಾನ ಮಾಡಲು ಮನೆಯವರು ಒಪ್ಪಿದ್ದರು. ನಿಧನದ ಅಧಿಕೃತ ಪ್ರಕಟಣೆ ಬಂದದ್ದು ಮರುದಿನ. ಆ ನಡುವೆ ಅವರು ಇದ್ದರೇ, ಇರಲಿಲ್ಲವೇ ಎಂದು ನಾಡಿನ ಜನ ಗೊಂದಲಕ್ಕೆ ಬಿದ್ದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಸ್ಥಿತಿಯನ್ನು ಒಬ್ಬರು ಸಾವು ಎಂದರು, ಇನ್ನೊಬ್ಬರು ಸಾವಿಗೆ ಮುಂಚಿನ ಘಟ್ಟ ಎಂದರು.

ಎಪ್ಪತ್ತು ವರ್ಷಗಳ ಹಿಂದೆ ಇಂಥ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತಿತ್ತು, ಮಿದುಳೂ ಸಾಯುತ್ತಿತ್ತು. ಈ ಮೂರನ್ನು ಬೇರೆ ಬೇರೆ ಮಾಡಿದ್ದು ವೆಂಟಿಲೇಟರ್. ಹೃದಯದ ಬಡಿತಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಮಿಡಿತ ಹುಟ್ಟಿಸುವ ಜೀವಕೋಶಗಳು ಹೃದಯದ ಗೋಡೆಯಲ್ಲೇ ಇವೆ. ಆಮ್ಲಜನಕ ಸಿಗುವವರೆಗೆ ಅದು ತನ್ನಷ್ಟಕ್ಕೆ ಬಡಿಯುತ್ತದೆ. ಉಸಿರಾಟ ಹಾಗಲ್ಲ. ಅದರ ಆಜ್ಞೆ ಹೊರಡುವುದು ಮಿದುಳಿನ ಕಾಂಡದಿಂದ. ಕಾಂಡ ಸತ್ತರೆ ಉಸಿರಿಲ್ಲ. ಯಂತ್ರ ಗಾಳಿ ತುಂಬುತ್ತಿದ್ದರೆ ಮಾತ್ರ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ, ಮೂತ್ರ ಬರುತ್ತದೆ. 1959ರಲ್ಲಿ ಮೊಲಾರೆ ಮತ್ತು ಗೂಲೋ ಎಂಬ ಫ್ರೆಂಚ್ ವೈದ್ಯರು ಈ ಸ್ಥಿತಿಯನ್ನು ಕೋಮಾದಾಚೆಗಿನ ಸ್ಥಿತಿ ಎಂದು ವಿವರಿಸಿದರು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಇದನ್ನೇ ಸಾವು ಎಂದು ಪರಿಗಣಿಸಬೇಕೆಂದು ಶಿಫಾರಸು ಮಾಡಿತು. ಭಾರತದಲ್ಲಿ ಮಿದುಳು ಕಾಂಡದ ಸಾವಿಗೆ ಕಾನೂನಿನ ಮನ್ನಣೆ ದೊರೆತದ್ದು 1994ರ ಅಂಗಾಂಗ ಕಸಿ ಕಾಯ್ದೆಯಿಂದ.

ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ ಇದನ್ನು ದೃಢಪಡಿಸಬೇಕು. ಪರೀಕ್ಷೆಗಳು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ನಡೆಯಬೇಕು. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುತ್ತದೆಯೇ, ಕಿವಿಗೆ ತಣ್ಣೀರು ಹಾಯಿಸಿದರೆ ಕಣ್ಣುಗುಡ್ಡೆ ಅಲುಗುತ್ತದೆಯೇ, ಗಂಟಲಿನೊಳಗೆ ಕೊಳವೆ ತಾಗಿಸಿದರೆ ಕೆಮ್ಮು ಬರುತ್ತದೆಯೇ ಎಂದು ನೋಡುತ್ತಾರೆ. ಕೊನೆಯದು ಉಸಿರಾಟದ ಪರೀಕ್ಷೆ. ವೆಂಟಿಲೇಟರ್ ಬೇರ್ಪಡಿಸಿ, ಸಣ್ಣ ನಳಿಕೆಯಿಂದ ಆಮ್ಲಜನಕ ಬಿಡುತ್ತ, ಹೊದಿಕೆ ಸರಿಸಿ ಎದೆ ಹೊಟ್ಟೆಗಳನ್ನು ಎಂಟು ಹತ್ತು ನಿಮಿಷ ಕಣ್ಣು ಕೀಳದೆ ಗಮನಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಕಾಂಡದಲ್ಲಿ ಚೂರು ಜೀವವಿದ್ದರೂ ಈ ಹಂತದಲ್ಲಿ ಉಸಿರೆಳೆಯುವ ಯತ್ನ ಕಾಣಲೇಬೇಕು. ಕಾಣದಿದ್ದರೆ ಕಾಂಡ ಸತ್ತಿದೆ ಎಂದರ್ಥ.

ಅದರ ನಂತರವೂ ಬೆರಳು ಮಿಸುಕಬಹುದು, ತೋಳು ಮೇಲೇಳಬಹುದು. ಇದು ಬೆನ್ನುಹುರಿಯ ಪ್ರತಿಕ್ರಿಯೆ. ಮಿದುಳಿಗೂ ಇದಕ್ಕೂ ಸಂಬಂಧವಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತ ತಾಯಿಗೆ ಇದನ್ನು ಯಾರು, ಯಾವ ಮಾತಿನಲ್ಲಿ ಹೇಳುವುದು?

ಕಾನೂನಿನ ಮಾತೇ ಎಲ್ಲ ಕಡೆ ಒಂದಾಗಿಲ್ಲ. ಜಪಾನಿನ 1997ರ ಕಾಯ್ದೆ ಮಿದುಳಿನ ಸಾವನ್ನು ಸಾವೆಂದು ಒಪ್ಪಿದ್ದು ಆ ವ್ಯಕ್ತಿ ಮೊದಲೇ ಅಂಗದಾನಕ್ಕೆ ಲಿಖಿತ ಒಪ್ಪಿಗೆ ಕೊಟ್ಟಿದ್ದು, ಮನೆಯವರ ತಕರಾರೂ ಇಲ್ಲದಿದ್ದಾಗ ಮಾತ್ರ. ಹೀಗಾಗಿ ಒಂದೇ ಸ್ಥಿತಿಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರು ಮೃತರು, ಇನ್ನೊಬ್ಬರು ರೋಗಿ. 2010ರಲ್ಲಿ ತಿದ್ದುಪಡಿ ಜಾರಿಗೆ ಬರುವವರೆಗೂ ಈ ಕಟ್ಟುಪಾಡು ಇತ್ತು. ನಮ್ಮಲ್ಲೂ ಇಂಥದೇ ಬಿರುಕಿದೆ. ಮಿದುಳು ಕಾಂಡದ ಮಾತು ಬರುವುದು ಕಸಿ ಕಾಯ್ದೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯಾಖ್ಯೆಯಲ್ಲಿ ಅದರ ಸುಳಿವಿಲ್ಲ. ಮನೆಯವರು ದಾನಕ್ಕೆ ಒಪ್ಪದಿದ್ದರೆ ವೆಂಟಿಲೇಟರ್ ತೆಗೆಯಲು ವೈದ್ಯರು ಅಳುಕುವುದು ಇದರಿಂದಲೇ. ದಾನದ ಪ್ರಶ್ನೆ ಇರಲಿ ಇಲ್ಲದಿರಲಿ, ಮಿದುಳಿನ ಸಾವನ್ನು ದೃಢಪಡಿಸಬಹುದೆಂದು ಕೇರಳ ಸರ್ಕಾರ 2020ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು.

ಕಾನೂನು ಹೀಗಿದ್ದ ಮೇಲೆ ಮನಸ್ಸಿನ ಪಾಡೇನು? ಪಾಲ್ ಹ್ಯಾರಿಸ್ ಮತ್ತು ಮಾರ್ತಾ ಹಿಮೇನೆಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 7 ಮತ್ತು 11 ವರ್ಷದ ಸ್ಪೇನಿನ ಮಕ್ಕಳಿಗೆ ಅಜ್ಜ ಅಜ್ಜಿಯರ ಸಾವಿನ ಎರಡು ಕಥೆ ಹೇಳಲಾಯಿತು. ಒಂದರಲ್ಲಿ ಸಾವಿನ ಸುದ್ದಿ ಹೇಳುವವರು ವೈದ್ಯರು, ಇನ್ನೊಂದರಲ್ಲಿ ಪಾದ್ರಿ. ಸತ್ತ ಮೇಲೆ ಕಣ್ಣು ಕಾಣುತ್ತದೆಯೇ, ನೆನಪು ಇರುತ್ತದೆಯೇ ಎಂದು ಕೇಳಿದಾಗ, ವೈದ್ಯರ ಕಥೆ ಕೇಳಿದ ಮೇಲೆ ಎಲ್ಲ ನಿಲ್ಲುತ್ತದೆ ಎಂದ ಮಕ್ಕಳೇ ಪಾದ್ರಿಯ ಕಥೆಯ ಬಳಿಕ ಕೆಲವು ಮುಂದುವರಿಯುತ್ತವೆ ಎಂದರು. ಮುಂದುವರಿಯುತ್ತವೆ ಎಂದವರಲ್ಲಿ ದೊಡ್ಡ ಮಕ್ಕಳೇ ಹೆಚ್ಚು. ವಯಸ್ಸಾದಂತೆ ವಿಜ್ಞಾನ ಬಂದು ನಂಬಿಕೆಯನ್ನು ಹೊರಹಾಕುತ್ತದೆ ಎಂಬ ಎಣಿಕೆ ಇಲ್ಲಿ ತಲೆಕೆಳಗಾಯಿತು.

ಮಡಗಾಸ್ಕರ್‌ನ ಪಶ್ಚಿಮ ಕರಾವಳಿಯ ಮೀನುಗಾರರಾದ ವೇಜೊ ಜನರ ನಡುವೆ ರೀಟಾ ಅಸ್ತುತಿ ಮತ್ತು ಹ್ಯಾರಿಸ್ ಕಂಡದ್ದೂ ಇದನ್ನೇ. ಜ್ವರ ಬಂದು ಆಸ್ಪತ್ರೆ ಸೇರಿ, ಚುಚ್ಚುಮದ್ದು ಪಡೆದೂ ಸತ್ತವನ ಕಥೆ ಒಂದು. ಮಕ್ಕಳು ಮೊಮ್ಮಕ್ಕಳ ಕನಸಿನಲ್ಲಿ ಬರುವ, ಮನೆಯವರು ಸಮಾಧಿ ಕಟ್ಟಿಸಿದವನ ಕಥೆ ಇನ್ನೊಂದು. ಸಮಾಧಿಯ ಕಥೆ ಕೇಳಿದ ದೊಡ್ಡವರು, ಸತ್ತವನಿಗೆ ಮಕ್ಕಳ ನೆನಪು ಇರುತ್ತದೆ ಎನ್ನುವುದು ಹೆಚ್ಚು. ದೇಹ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಎರಡು ತಿಳಿವಳಿಕೆಗಳು ಒಂದೇ ತಲೆಯಲ್ಲಿ ಜೊತೆಗಿರುತ್ತವೆ. ಯಾವುದು ಮುಂದೆ ಬರಬೇಕೆಂಬುದನ್ನು ಕೇಳಿದ ಮಾತು, ನಿಂತ ಜಾಗ ತೀರ್ಮಾನಿಸುತ್ತವೆ.

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ‘ಮಷೀನಿನ ಮೇಲೆ ಜೀವ ಇದೆ’, ‘ಬ್ರೇನ್ ವರ್ಕ್ ಆಗ್ತಿಲ್ಲ’, ‘ತೆಗೆದರೆ ಹೋಗ್ತಾರೆ’ ಎಂಬ ಮಾತುಗಳು ಅಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ. ಇವನ್ನು ಕೇಳಿದವರು ಕೊಂಚ ಕಾದರೆ ಮಿದುಳು ಮತ್ತೆ ಕೆಲಸ ಮಾಡೀತು ಎಂದುಕೊಂಡರೆ ಅದು ಅವರ ತಪ್ಪಲ್ಲ. ಕೋಮಾದಲ್ಲಿರುವವರು ಚೇತರಿಸಿಕೊಳ್ಳಬಹುದು, ಮಿದುಳು ಕಾಂಡ ಸತ್ತವರು ಚೇತರಿಸಿಕೊಳ್ಳುವುದಿಲ್ಲ. ಈ ವ್ಯತ್ಯಾಸವೇ ಮಾತಿನಲ್ಲಿ ಮಾಯವಾಗುತ್ತದೆ. ಗೊಂದಲ ಜನಸಾಮಾನ್ಯರಿಗಷ್ಟೇ ಸೀಮಿತವಲ್ಲ. ಅಂಗಾಂಗ ಪಡೆಯುವ ಕೆಲಸದಲ್ಲಿ ಪಾಲ್ಗೊಳ್ಳುವಂಥ 195 ವೈದ್ಯರು ಮತ್ತು ದಾದಿಯರನ್ನು ಅಮೆರಿಕದಲ್ಲಿ ಮಾತಾಡಿಸಿ 1989ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಿದುಳಿನ ಸಾವಿನ ಕಾನೂನಿನ ಮಾನದಂಡವನ್ನು ಸರಿಯಾಗಿ ಹೇಳಿದವರು ಶೇ 35 ಮಂದಿ ಮಾತ್ರ.

ಪರಿಹಾರ ದುಬಾರಿಯದಲ್ಲ. ಸಾವಿನ ಮಾತು ಮೊದಲು, ದಾನದ ಮಾತು ಆಮೇಲೆ, ಎರಡರ ನಡುವೆ ಮನೆಯವರಿಗೆ ಅಳಲು ಸಮಯ. ಅನುಭವಿ ಕಸಿ ಸಂಯೋಜಕರು ಪಾಲಿಸುವ ಕ್ರಮ ಇದೇ. ವೈದ್ಯರು ‘ನಿಮ್ಮ ಮಗ ತೀರಿಕೊಂಡಿದ್ದಾನೆ, ಎದೆ ಏರಿಳಿಯುತ್ತಿರುವುದು ಯಂತ್ರದಿಂದ’ ಎಂದು ನೇರವಾಗಿ, ಮೆಲ್ಲಗೆ ಹೇಳಲಿ. ಪತ್ರಿಕೆ ಮತ್ತು ವಾಹಿನಿಗಳು ‘ಮಿದುಳು ನಿಷ್ಕ್ರಿಯ’ ಎಂದು ಅರ್ಧಕ್ಕೆ ನಿಲ್ಲಿಸದೆ, ಪರೀಕ್ಷೆಗಳು ಮುಗಿದು ದೃಢಪಟ್ಟಿದ್ದರೆ ಸತ್ತಿದ್ದಾರೆ ಎಂದೂ, ಮುಗಿದಿಲ್ಲವಾದರೆ ಇನ್ನೂ ಮುಗಿದಿಲ್ಲ ಎಂದೂ ಬರೆಯಲಿ. ದಾನಕ್ಕೆ ಒಪ್ಪುವುದು, ಬಿಡುವುದು ಮನೆಯವರ ಹಕ್ಕು. ತಮ್ಮವರು ಇದ್ದಾರೋ ಇಲ್ಲವೋ ಎಂಬುದನ್ನು ಸ್ಪಷ್ಟ ಮಾತಿನಲ್ಲಿ ತಿಳಿಯುವುದೂ ಅವರ ಹಕ್ಕೇ.