ಖಾಲಿ ಪೀಠಗಳು: ಬದಲಾಪುರ ಮತ್ತು ಪ್ರಜಾಪ್ರಭುತ್ವದ ನಾಳೆ

ಪ್ರಜಾಪ್ರಭುತ್ವದ ಅಳಿವು ಸೈನ್ಯದ ಸದ್ದಿನೊಡನೆಯೇ ಬರುತ್ತದೆಂಬುದು ರೂಢಿಯ ಗ್ರಹಿಕೆ. ಭಾರತದ ನೆರೆಹೊರೆಯ ಇತಿಹಾಸವೂ ಇದನ್ನು ಪುಷ್ಟೀಕರಿಸುತ್ತದೆ. ಪಾಕಿಸ್ತಾನದಲ್ಲಿ 1958ರಲ್ಲಿ, ಮ್ಯಾನ್ಮಾರಿನಲ್ಲಿ 1962ರಲ್ಲಿ ಹಾಗೂ ಮತ್ತೆ 2021ರಲ್ಲಿ ಸೈನ್ಯವು ಅಧಿಕಾರವನ್ನು ವಶಪಡಿಸಿಕೊಂಡಿತು. ಭಾರತದಲ್ಲಿ 1975ರ ತುರ್ತುಪರಿಸ್ಥಿತಿ ಸಂವಿಧಾನದ ವಿಧಿಯ ಮೂಲಕವೇ ಬಂದಿತು. 1977ರಲ್ಲಿ ಮತದಾರರು ಅದಕ್ಕೆ ಉತ್ತರವಿತ್ತರು. ಆದರೆ ಯಾವ ಘೋಷಣೆಯೂ ಇಲ್ಲದೆ, ಚುನಾವಣೆಯನ್ನು ಮುಂದೂಡುವುದರಿಂದಲೇ ಪ್ರಜಾಪ್ರಭುತ್ವ ಸವೆಯುವುದುಂಟು. ಠಾಣೆ ಜಿಲ್ಲೆಯ ಬದಲಾಪುರ ಇದಕ್ಕೊಂದು ನಿದರ್ಶನ.

ಉಲ್ಹಾಸ್ ನದಿಯ ದಡದ ಈ ಊರಿನಿಂದ ಸಹಸ್ರಾರು ಜನ ನಿತ್ಯವೂ ಲೋಕಲ್ ರೈಲಿನಲ್ಲಿ ಮುಂಬಯಿಗೆ ದುಡಿಯಲು ಹೋಗುತ್ತಾರೆ. ಕುಳಗಾಂವ್-ಬದಲಾಪುರ ನಗರಪರಿಷತ್ತಿಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರಲ್ಲಿ ಮುಗಿಯಿತು. ಮುಂದಿನ ಮತದಾನ ನಡೆದದ್ದು 2025ರ ಡಿಸೆಂಬರಿನಲ್ಲಿ. ನಡುವಿನ ಐದು ವರ್ಷಗಳಿಗೂ ಮೀರಿದ ಕಾಲ ಆಡಳಿತಾಧಿಕಾರಿಯದು. ಕಲ್ಯಾಣ-ಡೊಂಬಿವಲಿ ಹಾಗೂ ನವಿ ಮುಂಬಯಿ ಪಾಲಿಕೆಗಳ ಸ್ಥಿತಿಯೂ ಇದೇ ಆಗಿದ್ದು, ಅಲ್ಲಿ ಮತದಾನವು 2026ರ ಜನವರಿಯಲ್ಲಿ ನಡೆಯಿತು. ಮೊದಲು ಕೋವಿಡ್ ಸಾಂಕ್ರಾಮಿಕ, ಅನಂತರ ಹಿಂದುಳಿದ ವರ್ಗಗಳ ಮೀಸಲಾತಿ ಹಾಗೂ ವಾರ್ಡುಗಳ ವಿಂಗಡಣೆಯ ವ್ಯಾಜ್ಯಗಳು ವಿಳಂಬಕ್ಕೆ ಕಾರಣವಾದವು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ ಮೇಲೆಯೇ ಈ ಕಗ್ಗಂಟು ಸಡಿಲಿತು.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಿತು. ಪೌರಸಂಸ್ಥೆಯ ಅವಧಿ ಐದು ವರ್ಷವೆಂದೂ ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದೂ ಅದು ವಿಧಿಸುತ್ತದೆ. ಪ್ರತಿ ಕಾರಣವೂ ಬಿಡಿಬಿಡಿಯಾಗಿ ಸಮರ್ಥನೀಯವೆನಿಸಬಹುದು. ಒಟ್ಟು ಪರಿಣಾಮ ಮಾತ್ರ ಒಂದು ಪೂರ್ಣಾವಧಿಯ ಲೋಪ. ಅಧಿಕಾರಿಯು ಎಷ್ಟೇ ದಕ್ಷನಾಗಿರಲಿ, ಉತ್ತರ ಹೇಳುವುದು ತನ್ನನ್ನು ನೇಮಿಸಿದ ಮೇಲಿನವರಿಗೆ. ಸದಸ್ಯನಾದರೋ ಎಷ್ಟೇ ಅಸಮರ್ಥನಾಗಿರಲಿ, ಓಣಿಯ ಜನರಿಗೆ ಮುಖ ತೋರಿಸಲೇಬೇಕು. ಉತ್ತರದಾಯಿತ್ವದ ಈ ದಿಕ್ಕಿನ ಬದಲಾವಣೆಯೇ ಸರ್ವಾಧಿಕಾರದ ಮೊದಲ ಅಭ್ಯಾಸ.

2024ರ ಆಗಸ್ಟ್ 20ರಂದು ಬದಲಾಪುರದ ಜನ ರೈಲು ಹಳಿಗಳ ಮೇಲೆ ಕುಳಿತು ಗಂಟೆಗಟ್ಟಲೆ ಸಂಚಾರ ತಡೆದರು. ಶಾಲಾ ಬಾಲಕಿಯರ ಮೇಲಿನ ದೌರ್ಜನ್ಯದ ದೂರಿಗೆ ತಕ್ಷಣ ಸ್ಪಂದನ ದೊರೆಯಲಿಲ್ಲವೆಂಬುದು ಅವರ ಆಕ್ರೋಶ. ಅದು ಪೊಲೀಸರಿಗೆ ಸಂಬಂಧಿಸಿದ ವಿಷಯವೇ ಹೊರತು ನಗರಪರಿಷತ್ತಿನದಲ್ಲ. ಆದರೂ ಊರಿನ ಸಂಕಟವನ್ನು ಅಧಿಕೃತವಾಗಿ ನುಡಿಯಬಲ್ಲ ಚುನಾಯಿತ ಸಭೆಯೊಂದು ಆ ದಿನ ಅಲ್ಲಿರಲಿಲ್ಲವೆಂಬುದು ಗಮನಾರ್ಹ.

ಸ್ಥಳೀಯ ಸಂಸ್ಥೆಗಳಷ್ಟೇ ಸಾಕೆಂದೂ ಇದರರ್ಥವಲ್ಲ. ಪಾಕಿಸ್ತಾನದ ಅಯೂಬ್ ಖಾನ್ 1959ರಲ್ಲಿ ‘ಮೂಲ ಪ್ರಜಾಪ್ರಭುತ್ವ’ವೆಂಬ ಹೆಸರಿನಲ್ಲಿ ಎಂಬತ್ತು ಸಾವಿರ ಸ್ಥಳೀಯ ಸದಸ್ಯರ ವ್ಯವಸ್ಥೆಯನ್ನು ರಚಿಸಿ, 1960ರಲ್ಲಿ ಅವರ ಮತದಿಂದಲೇ ತನ್ನ ಅಧ್ಯಕ್ಷತೆಗೆ ಮುದ್ರೆ ಒತ್ತಿಸಿಕೊಂಡನು. ಅಲ್ಲಿ ಬೇರಿತ್ತು, ಮರವಿರಲಿಲ್ಲ. ಇಲ್ಲಿ ಮರವಿದೆ, ಬೇರು ಒಣಗುತ್ತಿದೆ.

ಕನ್ನಡ ನಾಡಿಗೂ ಈ ಪಾಠ ಹೊರತಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳುತನದಲ್ಲಿ ರೂಪುಗೊಂಡ 1983ರ ಶಾಸನದಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ದೇಶಕ್ಕೆ ಮಾದರಿಯಾದದ್ದು ಕರ್ನಾಟಕ. ಅದೇ ನಾಡಿನ ರಾಜಧಾನಿಯ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಅದಕ್ಕೆ ಚುನಾವಣೆಯೇ ಆಗಲಿಲ್ಲ. ಪ್ರಜಾಪ್ರಭುತ್ವದ ಭವಿಷ್ಯವನ್ನು ಅಳೆಯಬಯಸುವವರು ದೆಹಲಿಯತ್ತ ನೋಡುವ ಮುನ್ನ ತಮ್ಮ ವಾರ್ಡಿನ ಪೀಠ ಖಾಲಿಯಿದೆಯೇ ಎಂದು ನೋಡಿಕೊಳ್ಳುವುದು ಲೇಸು.