ಸಾಕರ್ ಅಂದ್ರೆ ಅಮೆರಿಕಕ್ಕೆ ಯಾಕೆ ತಾತ್ಸಾರ?

 

ಹೋದ ತಿಂಗಳು ಆಟದ ಪೀರಿಯಡ್ಡಿನಲ್ಲಿ ಮಳೆ ಹಿಡಿದು ಎಲ್ಲರೂ ಕ್ಲಾಸಿನೊಳಗೇ ಕೂತಿದ್ದಾಗ ನಡೆದ ಜಗಳ ನಿಮಗೆ ನೆನಪಿರಬೇಕು. ಹಿಂದಿನ ಬೆಂಚಿನ ಹುಡುಗರು, "ಫುಟ್‌ಬಾಲ್ ಒಂದು ಆಟಾನಾ? ತೊಂಬತ್ತು ನಿಮಿಷ ಓಡಿ ಓಡಿ ಕೊನೆಗೆ ಸೊನ್ನೆ-ಸೊನ್ನೆ. ಅದಕ್ಕೇ ಅಮೆರಿಕದೋರು ಅದನ್ನ ಮೂಸಿ ಕೂಡ ನೋಡಲ್ಲ" ಅಂದರು. ನಾನು ಸುಮ್ಮನಿರಲಿಲ್ಲ. 2022ರ ವಿಶ್ವಕಪ್ಪಿನಲ್ಲಿ ಅಮೆರಿಕ-ಇಂಗ್ಲೆಂಡ್ ಪಂದ್ಯವನ್ನು ರಾತ್ರಿ ಹನ್ನೆರಡೂವರೆಗೆ ಮಾವನ ಪಕ್ಕ ಕೂತು ನೋಡಿದವಳು ನಾನು. ಅದೂ ಸೊನ್ನೆ-ಸೊನ್ನೆಯೇ. ಆದರೂ ನನಗೆ ಒಂದು ಸಲವೂ ತೂಕಡಿಕೆ ಬರಲಿಲ್ಲ. "ಅಮೆರಿಕದೋರಿಗೆ ಏನ್ ಗೊತ್ತು? ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡೋದಕ್ಕೆ ಫುಟ್‌ಬಾಲ್ ಅಂತಾರೆ. ಬರೀ ಜಂಬ" ಅಂದೆ. ಮಾತಿಗೆ ಮಾತು ಬೆಳೆಯಿತು. ಆಗ ಸಮಾಜದ ಮೇಷ್ಟ್ರು ಒಳಗೆ ಬಂದು, "ಇಬ್ರೂ ಕೂಗ್ತಾ ಇದೀರಿ, ಇಬ್ರಿಗೂ ಗೊತ್ತಿಲ್ಲ. ತಿಳ್ಕೊಂಡು ಗೋಡೆ ಪತ್ರಿಕೆಗೆ ಬರಿಯಮ್ಮ" ಅಂದರು. ಹಾಗಾಗಿ ತಿಳಿದುಕೊಂಡು ಬರೆದಿದ್ದೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಜಗಳದಲ್ಲಿ ನಾನು ಹೇಳಿದ್ದರಲ್ಲೂ ಅರ್ಧ ತಪ್ಪಿತ್ತು.

ಹೆಸರಿನ ಜಗಳ

'ಸಾಕರ್' ಅನ್ನೋದು ಅಮೆರಿಕದವರು ಜಂಬಕ್ಕೆ ಇಟ್ಟ ಹೆಸರು ಅಂತ ನಾನು ತಿಳಿದಿದ್ದೆ. ಅಲ್ಲ. ಅದು ಇಂಗ್ಲೆಂಡಿನಲ್ಲೇ ಹುಟ್ಟಿದ್ದು. 1863ರಲ್ಲಿ ಲಂಡನ್ನಿನಲ್ಲಿ 'ಫುಟ್‌ಬಾಲ್ ಅಸೋಸಿಯೇಷನ್' ಎಂಬ ಸಂಘ ಕಟ್ಟಿ ಆಟಕ್ಕೆ ನಿಯಮ ಬರೆದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಆಟಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲಿ ಅಂತ ಇದನ್ನು 'ಅಸೋಸಿಯೇಷನ್ ಫುಟ್‌ಬಾಲ್' ಅಂದರು. ಅಲ್ಲಿಯ ಕಾಲೇಜು ಹುಡುಗರಿಗೆ ಹೆಸರುಗಳನ್ನು ಮೊಟಕು ಮಾಡುವ ಚಾಳಿ. ರಗ್ಬಿಯನ್ನು 'ರಗರ್' ಅಂದರು, ಅಸೋಸಿಯೇಷನ್ನಿನ ನಡುವಿನ ಅಕ್ಷರ ಕಿತ್ತು 'ಸಾಕರ್' ಮಾಡಿದರು. ನಾವು ಹೆಡ್ಮಾಸ್ಟರನ್ನು 'ಎಚ್ಚೆಮ್ಮು' ಅನ್ನುವ ಹಾಗೆ! ಇಂಗ್ಲೆಂಡಿನವರೇ ಬಹಳ ವರ್ಷ ಈ ಮಾತು ಬಳಸಿ, ಆಮೇಲೆ ಬಿಟ್ಟರು. ಅಮೆರಿಕದವರು ಉಳಿಸಿಕೊಂಡರು. ಕೊಟ್ಟವರೇ ಈಗ ಇಟ್ಟುಕೊಂಡವರನ್ನು ಆಡಿಕೊಳ್ಳುತ್ತಾರೆ.

ದಾರಿ ಬೇರೆಯಾದದ್ದು ಎಲ್ಲಿ?

ಅಮೆರಿಕಕ್ಕೆ ಕಾಲ್ಚೆಂಡು ಹೊಸದೇನೂ ಅಲ್ಲ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ಕಾಲೇಜುಗಳು ಒಂದೊಂದು ಕಡೆ 25 ಜನ ನಿಂತು ದುಂಡನೆಯ ಚೆಂಡನ್ನು ಒದ್ದು ಆಡಿದವು. ರಟ್ಗರ್ಸ್ 6-4ರಲ್ಲಿ ಗೆದ್ದಿತು. ಆದರೆ ಹಾರ್ವರ್ಡ್ ಕಾಲೇಜಿನವರಿಗೆ ಕೈಯಲ್ಲಿ ಹಿಡಿದು ಓಡುವ ಆಟವೇ ಇಷ್ಟ. 1874ರಲ್ಲಿ ಅವರು ಕೆನಡಾದ ಮೆಕ್‌ಗಿಲ್ ಜೊತೆ ರಗ್ಬಿಯಂತಹ ಆಟ ಆಡಿ ಮೆಚ್ಚಿಕೊಂಡರು. ದೊಡ್ಡ ಕಾಲೇಜು ಹೋದ ದಾರಿಯಲ್ಲಿ ಉಳಿದವೂ ಹೋದವು. ಮುಂದೆ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ನಿಯಮಗಳನ್ನು ಬದಲಾಯಿಸುತ್ತಾ ಹೋದರು. ಹಾಗೆ ಹುಟ್ಟಿದ್ದೇ ಈಗಿನ ಅಮೆರಿಕನ್ ಫುಟ್‌ಬಾಲ್.

ಬೇಸಿಗೆಗೆ ಬೇಸ್‌ಬಾಲ್, ಶರತ್ಕಾಲಕ್ಕೆ ಅಮೆರಿಕನ್ ಫುಟ್‌ಬಾಲ್, ಚಳಿಗಾಲಕ್ಕೆ 1891ರಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್. ವರ್ಷವೆಲ್ಲಾ ತುಂಬಿಹೋಯಿತು. ಸಾಕರ್ ಒಳಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಸೀಟೇ ಇರಲಿಲ್ಲ. ಯೂರೋಪಿನಿಂದ ಬಂದ ಗಿರಣಿ ಕಾರ್ಮಿಕರು, ಕಾರ್ಖಾನೆ ಕಾರ್ಮಿಕರು ತಮ್ಮ ಕೇರಿಗಳಲ್ಲಿ ಆಡುತ್ತಿದ್ದರು. ಹಾಗಾಗಿ ಅದು 'ಹೊರಗಿನವರ ಆಟ' ಅನ್ನಿಸಿಕೊಂಡಿತು.

ಇದು ಎಲ್ಲಿವರೆಗೆ ಹೋಯಿತು ಅಂದರೆ, 1986ರಲ್ಲಿ ಅಲ್ಲಿಯ ಸಂಸತ್ತಿನಲ್ಲಿ ಜ್ಯಾಕ್ ಕೆಂಪ್ ಎಂಬ ಸದಸ್ಯರು ಎದ್ದು ನಿಂತು, ನಮ್ಮ ಫುಟ್‌ಬಾಲ್ ಪ್ರಜಾಪ್ರಭುತ್ವದ ಆಟ, ಸಾಕರ್ ಯೂರೋಪಿನ ಸಮಾಜವಾದದ ಆಟ ಎಂಬ ಅರ್ಥದಲ್ಲಿ ಮಾತಾಡಿದರು. ಅವರು ಹಿಂದೆ ಅಮೆರಿಕನ್ ಫುಟ್‌ಬಾಲ್ ಆಟಗಾರರು. ಚೆಂಡಿಗೂ ರಾಜಕೀಯವೇ ಅಂತ ನನಗೆ ನಗು ಬಂತು. ಆಮೇಲೆ ನಮ್ಮ ಕ್ಲಾಸು ನೆನಪಾಗಿ ನಗು ನಿಂತಿತು. ಖೋ ಖೋ ಹಳ್ಳಿಯವರದು, ಶಟಲ್ ಪೇಟೆಯವರದು ಅಂತ ನಾವೂ ಅನ್ನೋದಿಲ್ಲವೇ?

ಅವರ ದೂರು, ನನ್ನ ಉತ್ತರ

ಮೊದಲನೆಯ ದೂರು: ಗೋಲು ಕಮ್ಮಿ. ಇದನ್ನು ಲೆಕ್ಕದಿಂದಲೇ ನೋಡೋಣ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ 6 ಅಂಕ, ಆಮೇಲೆ ಒಂದು ಒದೆತ ಸರಿಯಾಗಿ ಬಿದ್ದರೆ ಇನ್ನೊಂದು, ಒಟ್ಟು 7. ಹಾಗಾದರೆ 21-14 ಅಂದರೇನು? ಒಬ್ಬರು ಮೂರು ಸಲ, ಇನ್ನೊಬ್ಬರು ಎರಡು ಸಲ ಗೆರೆ ದಾಟಿದರು ಅಂತ. ಸಾಕರ್ ಲೆಕ್ಕದಲ್ಲಿ ಅದು 3-2 ಅಷ್ಟೆ. ಅಂಕ ದೊಡ್ಡದು ಕಾಣುತ್ತದೆ, ದಾಟಿದ್ದು ಐದೇ ಸಲ.

ಎರಡನೆಯದು: ಡ್ರಾ ಅಂದರೆ ಅವರಿಗೆ ಆಗಿಬರುವುದಿಲ್ಲ. ಯಾರಾದರೂ ಗೆಲ್ಲಲೇಬೇಕು. 1996ರಲ್ಲಿ ಅಲ್ಲಿ 10 ತಂಡಗಳ 'ಮೇಜರ್ ಲೀಗ್ ಸಾಕರ್' ಶುರುವಾದಾಗ ಪಂದ್ಯ ಸಮವಾದರೆ ಒಂದು ವಿಚಿತ್ರ ಮಾಡುತ್ತಿದ್ದರು. ಆಟಗಾರ 35 ಗಜ ದೂರದಿಂದ ಚೆಂಡು ಉರುಳಿಸಿಕೊಂಡು ಬಂದು ಐದು ಸೆಕೆಂಡಿನೊಳಗೆ ಗೋಲಿಯನ್ನು ತಪ್ಪಿಸಿ ಗೋಲು ಹೊಡೆಯಬೇಕು. ಆಟದ ಗಡಿಯಾರವನ್ನೂ ಸೊನ್ನೆಯ ಕಡೆಗೆ ಹಿಂದೆ ಹಿಂದೆ ಓಡಿಸುತ್ತಿದ್ದರು. ಇದನ್ನು ಕಂಡು ಅಲ್ಲಿಯ ನಿಜವಾದ ಸಾಕರ್ ಪ್ರಿಯರಿಗೇ ಸಿಟ್ಟು ಬಂತು. ತಾತ್ಸಾರ ಮಾಡುವವರನ್ನು ಒಲಿಸಲು ಹೋಗಿ, ಪ್ರೀತಿಸುವವರನ್ನು ಕಳಕೊಳ್ಳೋದು ಯಾವ ಬುದ್ಧಿವಂತಿಕೆ? 1999ರ ಋತು ಮುಗಿದ ಮೇಲೆ ಎರಡನ್ನೂ ಕೈಬಿಟ್ಟರು.

ಮೂರನೆಯದು ದೂರಲ್ಲ, ವ್ಯಾಪಾರ. ಸಾಕರ್‌ನಲ್ಲಿ 45 ನಿಮಿಷ ಆಟ ನಿಲ್ಲದೆ ನಡೆಯುತ್ತದೆ. ಟಿ.ವಿ.ಯವರು ಜಾಹೀರಾತು ಎಲ್ಲಿ ತುರುಕಬೇಕು? ಅವರ ಆಟಗಳು ನಿಮಿಷಕ್ಕೊಮ್ಮೆ ನಿಲ್ಲುತ್ತವೆ, ಕ್ರಿಕೆಟ್ಟಿನ ಓವರಿನ ಹಾಗೆ. ಕಾಸು ಬರೋದು ಅಲ್ಲಿ. ಟಿ.ವಿ. ತೋರಿಸದ ಆಟವನ್ನು ಮಕ್ಕಳು ಹೇಗೆ ಮೆಚ್ಚಬೇಕು?

ಗೆದ್ದರೂ ಊರಿಗೆ ಗೊತ್ತಾಗಲಿಲ್ಲ

ಅಮೆರಿಕದವರಿಗೆ ಆಡೋಕೇ ಬರಲ್ಲ ಅಂತ ನಾನು ಅಂದಿದ್ದೆ. ಅದೂ ತಪ್ಪು. 1930ರ ಮೊದಲನೆಯ ವಿಶ್ವಕಪ್ಪಿನಲ್ಲೇ ಅವರು ಸೆಮಿಫೈನಲ್ಲಿಗೆ ಹೋಗಿದ್ದರು. 1950ರ ಜೂನ್ 29ರಂದು ಬ್ರೆಜಿಲ್ಲಿನ ಬೆಲೊ ಹೊರಿಜಾಂಟೆ ನಗರದಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿದರು. ಇಂಗ್ಲೆಂಡ್ ಆಗ ಆಟಕ್ಕೆ ಗುರು ಇದ್ದ ಹಾಗೆ. ಅಮೆರಿಕ ತಂಡದಲ್ಲಿ ಇದ್ದವರು ಯಾರು ಗೊತ್ತೇ? ವಾಲ್ಟರ್ ಬಾರ್ ಎಂಬುವರು ನಮ್ಮ ಮೇಷ್ಟ್ರ ಹಾಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಗೋಲಿ ಫ್ರಾಂಕ್ ಬೋರ್ಗಿ ಹೆಣ ಸಾಗಿಸುವ ವ್ಯಾನು ಓಡಿಸುತ್ತಿದ್ದವರು. ತಲೆಯಿಂದ ಆ ಒಂದು ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿ ದೇಶದಿಂದ ಓದಲು ಬಂದು, ನ್ಯೂಯಾರ್ಕಿನ ಹೋಟೆಲಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ.

ಈ ಆಟ ನೋಡಲು ಅಮೆರಿಕದಿಂದ ಹೋದ ಪತ್ರಕರ್ತ ಒಬ್ಬನೇ, ಅವನೂ ರಜೆ ಹಾಕಿ ಸ್ವಂತ ಖರ್ಚಿನಲ್ಲಿ. ಗೆದ್ದ ಸುದ್ದಿಗೆ ಅವರ ದೇಶದಲ್ಲಿ ಬೆಲೆಯೇ ಬರಲಿಲ್ಲ. ಜೋ ತನ್ನ ದೇಶಕ್ಕೆ ಮರಳಿದ. 1964ರಲ್ಲಿ ಅಲ್ಲಿಯ ಸರ್ವಾಧಿಕಾರಿ ದುವಾಲಿಯೇರನ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಮತ್ತೆ ಅವನನ್ನು ಮನೆಯವರು ನೋಡಲೇ ಇಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದೇ 1950ರ ವಿಶ್ವಕಪ್ಪಿಗೆ ನಮ್ಮ ಭಾರತಕ್ಕೂ ಅವಕಾಶ ಸಿಕ್ಕಿತ್ತು. ನಾವು ಹೋಗಲೇ ಇಲ್ಲ! ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅಂತ ಕತೆ ಹೇಳುತ್ತಾರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 1-2ರಿಂದ ಸೋತಿದ್ದು ನಿಜ. ನಮ್ಮ ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. ಆದರೆ ಆಗಿನ ನಾಯಕ ಶೈಲೇನ್ ಮನ್ನಾ ಮುಂದೆ ಹೇಳಿದ್ದು ಬೇರೆ. ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು, ವಿಶ್ವಕಪ್ಪಿನ ಬೆಲೆ ತಿಳಿದಿರಲಿಲ್ಲ ಅಂತ. ಹಾಗಾದರೆ ತಾತ್ಸಾರ ಮಾಡಿದವರು ಅಮೆರಿಕದವರು ಮಾತ್ರವೇ?

ಪೆಲೆ ಬಂದರು, ವಿಶ್ವಕಪ್ಪೂ ಬಂತು

1950 ಆದಮೇಲೆ ಅಮೆರಿಕ ವಿಶ್ವಕಪ್ಪಿಗೆ ಮತ್ತೆ ಹೋದದ್ದು 1990ರಲ್ಲಿ, ಬರೋಬ್ಬರಿ 40 ವರ್ಷದ ಮೇಲೆ. ನಡುವೆ 1975ರಲ್ಲಿ ಬ್ರೆಜಿಲ್ಲಿನ ಪೆಲೆಯನ್ನು ನ್ಯೂಯಾರ್ಕಿನ ಕಾಸ್ಮಾಸ್ ತಂಡ ದೊಡ್ಡ ಹಣ ಕೊಟ್ಟು ಕರೆಸಿತು. 1977ರಲ್ಲಿ ಒಂದು ಪಂದ್ಯಕ್ಕೆ 77,691 ಜನ ಸೇರಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೆಲೆ ಕಲ್ಕತ್ತಕ್ಕೂ ಬಂದು ಮೋಹನ್ ಬಾಗಾನ್ ಎದುರು ಆಡಿದರು. 2-2 ಡ್ರಾ ಆಯಿತು. ಆದರೆ ಅಮೆರಿಕದ ಆ ಲೀಗು 1984ಕ್ಕೆ ಮುಚ್ಚಿಹೋಯಿತು. ತಂಡಗಳನ್ನು ಬೇಗ ಬೇಗ ಹೆಚ್ಚಿಸಿದರು, ಹೊರಗಿನ ದೊಡ್ಡ ಹೆಸರುಗಳಿಗೆ ಹಣ ಸುರಿದರು. ಬುಡಕ್ಕೆ ನೀರು ಹಾಕದೆ ಕೊಂಬೆಗೆ ಹೂವು ಕಟ್ಟಿದರೆ ಎಷ್ಟು ದಿನ?

1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ಕೊಟ್ಟಾಗ, 'ಅಲ್ಲಿ ಯಾರು ನೋಡುತ್ತಾರೆ' ಅಂತ ಜಗತ್ತೆಲ್ಲಾ ಕೇಳಿತು. 52 ಪಂದ್ಯಗಳಿಗೆ ಸೇರಿದ ಜನ ಸುಮಾರು 35 ಲಕ್ಷ 87 ಸಾವಿರ. ಅಷ್ಟು ಜನ ಅದಕ್ಕೆ ಮುಂಚೆ ಯಾವ ವಿಶ್ವಕಪ್ಪಿಗೂ ಸೇರಿರಲಿಲ್ಲ. ಫೈನಲ್‌ನಲ್ಲಿ ಬ್ರೆಜಿಲ್-ಇಟಲಿ ಸೊನ್ನೆ-ಸೊನ್ನೆ ಆಗಿ, ಪೆನಾಲ್ಟಿಯಲ್ಲಿ ಬ್ರೆಜಿಲ್ ಗೆದ್ದಿತು. ಹಿಂದಿನ ಬೆಂಚಿನವರು ಗಮನಿಸಿ, ಸೊನ್ನೆ-ಸೊನ್ನೆಗೂ ಕ್ರೀಡಾಂಗಣ ತುಂಬುತ್ತದೆ! ಆಮೇಲೆ ಹುಟ್ಟಿದ ಲೀಗು ನಿಧಾನವಾಗಿ ಬೆಳೆದು 2025ಕ್ಕೆ 30 ತಂಡಗಳಾದವು. 2023ರಲ್ಲಿ ಮೆಸ್ಸಿಯೇ ಮಿಯಾಮಿ ತಂಡಕ್ಕೆ ಹೋದರು. 2026ರ ವಿಶ್ವಕಪ್ಪನ್ನು ಕೆನಡಾ, ಮೆಕ್ಸಿಕೊ ಜೊತೆ ಸೇರಿ ನಡೆಸುವ ಅವಕಾಶವೂ 2018ರಲ್ಲೇ ಅಮೆರಿಕಕ್ಕೆ ಸಿಕ್ಕಿತು.

ಇದನ್ನು ಓದದೆ ಹೋಗಬೇಡಿ

ಇಲ್ಲಿಯವರೆಗೆ ಬರೆದದ್ದು ಗಂಡಸರ ಆಟ. ಹುಡುಗಿಯರ ಕತೆ ಪೂರ್ತಿ ಉಲ್ಟಾ.

ಆಟದ ತವರುಮನೆ ಇಂಗ್ಲೆಂಡಿನಲ್ಲಿ 1921ರಲ್ಲಿ, ಹೆಂಗಸರಿಗೆ ಈ ಆಟ ತಕ್ಕದ್ದಲ್ಲ ಅಂತ ಸಂಘದವರು ತಮ್ಮ ಮೈದಾನಗಳ ಬಾಗಿಲು ಹಾಕಿಬಿಟ್ಟರು. ಸುಮಾರು 50 ವರ್ಷ ತೆಗೆಯಲಿಲ್ಲ. ಬ್ರೆಜಿಲ್ಲಿನಲ್ಲಿ 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡುವುದು ಕಾನೂನಿಗೇ ವಿರುದ್ಧವಾಗಿತ್ತು. ಆಟವನ್ನು ಪ್ರಾಣದಂತೆ ಪ್ರೀತಿಸಿದ ದೇಶಗಳೇ ಹೀಗೆ ಮಾಡಿದವು.

ಅಮೆರಿಕದಲ್ಲಿ 1972ರಲ್ಲಿ ಒಂದು ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಾಲೆ, ಕಾಲೇಜೂ ಗಂಡು ಹೆಣ್ಣು ಅಂತ ಭೇದ ಮಾಡಬಾರದು. ಆಟಕ್ಕೂ ಅದು ಅನ್ವಯಿಸಿತು. ಆಗ ಅಲ್ಲಿಯ ಹೈಸ್ಕೂಲುಗಳಲ್ಲಿ ಆಟೋಟಕ್ಕೆ ಸೇರಿದ್ದ ಹುಡುಗಿಯರು 3 ಲಕ್ಷಕ್ಕಿಂತ ಕಮ್ಮಿ. ಈಗ ಆ ಸಂಖ್ಯೆ 30 ಲಕ್ಷ ದಾಟಿದೆ. ಶಾಲೆಗಳು ಹುಡುಗಿಯರ ತಂಡ ಕಟ್ಟಲೇಬೇಕಾಯಿತು. ಸಾಕರಿಗೆ ಖರ್ಚು ಕಮ್ಮಿ. ಒಂದು ಚೆಂಡು, ಒಂದು ಬಯಲು ಸಾಕು. ಇನ್ನೊಂದು ಕಾರಣ ನನಗೆ ಹೊಳೆದದ್ದು: ಗಂಡಸರು ತಾತ್ಸಾರ ಮಾಡಿ ಬಿಟ್ಟಿದ್ದರಿಂದಲೇ ಆ ಜಾಗ ಹುಡುಗಿಯರಿಗೆ ಖಾಲಿ ಸಿಕ್ಕಿತು.

ಫಲ ನೋಡಿ. ಮಹಿಳೆಯರ ವಿಶ್ವಕಪ್ಪನ್ನು ಅಮೆರಿಕ 1991, 1999, 2015, 2019, ಹೀಗೆ ನಾಲ್ಕು ಸಲ ಗೆದ್ದಿದೆ. 1999ರ ಫೈನಲ್ ನೋಡಲು 90,185 ಜನ ಬಂದಿದ್ದರು. ಅದೂ ಸೊನ್ನೆ-ಸೊನ್ನೆಯೇ. ಪೆನಾಲ್ಟಿಯಲ್ಲಿ ಚೀನಾ ಎದುರು 5-4ರಲ್ಲಿ ಗೆದ್ದರು. ಗೆದ್ದರೂ ಸಂಬಳ ಗಂಡಸರಿಗಿಂತ ಕಮ್ಮಿ ಅಂತ ಆಟಗಾರ್ತಿಯರು ಕೋರ್ಟಿಗೆ ಹೋದರು. 2022ರಲ್ಲಿ ರಾಜಿಯಾಗಿ, ಇಬ್ಬರಿಗೂ ಸಮ ಹಣ ಕೊಡಲು ಅಲ್ಲಿಯ ಸಾಕರ್ ಸಂಘ ಒಪ್ಪಿತು.

ನನ್ನ ತೀರ್ಮಾನ ಮತ್ತು ಒಂದು ಅರಿಕೆ

ಹಾಗಾದರೆ ಅಮೆರಿಕಕ್ಕೆ ಸಾಕರ್ ಬೇಡವೇ? ಬೇಡ ಅಂದವರೂ ಅಲ್ಲಿದ್ದಾರೆ, ಅದಕ್ಕಾಗಿ ಸ್ವಂತ ಖರ್ಚಿನಲ್ಲಿ ಬ್ರೆಜಿಲ್ಲಿಗೆ ಹೋದವನೂ ಅಲ್ಲಿಯವನೇ. ಒಂದು ದೇಶದ ಜನ ಅಂದರೆ ಒಂದೇ ಬಾಯಿ ಅಲ್ಲ ಅಂತ ನಾನು ಕಲಿತೆ. ಆಟ ಬೆಳೆಯದೇ ಇದ್ದದ್ದಕ್ಕೆ ಆಟ ಕೆಟ್ಟದ್ದು ಅನ್ನೋದು ಕಾರಣವಲ್ಲ. ಮೊದಲು ಯಾರು ಬಂದು ಜಾಗ ಹಿಡಿದರು, ಮೈದಾನ ಯಾರ ಕೈಯಲ್ಲಿತ್ತು, ಅವೇ ಕಾರಣ. ನಮ್ಮಲ್ಲೂ ಹಾಗೇ ಅಲ್ಲವೇ? 2023ರ ಮಾರ್ಚಿಯಲ್ಲಿ ಕರ್ನಾಟಕ ತಂಡ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನಾನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಇದನ್ನು ಬರೆಯುವ ಮುಂಚೆ ಗೊತ್ತಿರಲಿಲ್ಲ.

ಈಗ ಅರಿಕೆ. ನಮ್ಮ ಸ್ಟಾಫ್ ರೂಮಿನ ಬೀರುವಿನ ಮೇಲೆ ಒಂದು ಫುಟ್‌ಬಾಲ್ ಇದೆ. ಗಾಳಿ ಇಳಿದಿದೆ, ಆದರೆ ತೂತಾಗಿಲ್ಲ, ನಾನು ಒತ್ತಿ ನೋಡಿದ್ದೇನೆ. ಹೋದ ವರ್ಷ ನಾವು ಹುಡುಗೀರು ಅದನ್ನ ಕೇಳಿದಾಗ "ನಿಮಗೆ ತ್ರೋಬಾಲ್ ಇದೆಯಲ್ಲಮ್ಮ, ಅದು ಸಾಕು" ಅನ್ನೋ ಉತ್ತರ ಬಂತು. ನಾವು ತಲೆ ತಗ್ಗಿಸಿಕೊಂಡು ಬಂದೆವು. ಗುರುಗಳು ಕೋಪ ಮಾಡಿಕೊಳ್ಳಬಾರದು. ಶನಿವಾರ ಬೆಳಗಿನ ಕ್ಲಾಸು ಬಿಟ್ಟ ಮೇಲೆ ಅರ್ಧ ಗಂಟೆ ಮೈದಾನ ನಮಗೂ ಕೊಡಿ. ಪಂಪು ನಮ್ಮ ಮಾವನ ಸೈಕಲ್ ಶಾಪಿನಿಂದ ನಾನು ತರುತ್ತೇನೆ. ಶೂ ಇಲ್ಲ, ಬರಿಗಾಲಲ್ಲೇ ಆಡುತ್ತೇವೆ. ಹನ್ನೊಂದು ಜನರ ಹೆಸರು ಈಗಾಗಲೇ ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದೆ.

ಹಿಂದಿನ ಬೆಂಚಿನವರಿಗೂ ಒಂದು ಮಾತು. ನಮ್ಮೆದುರು ಆಡೋಕೆ ಒಂದು ತಂಡ ಬೇಕು. ಬನ್ನಿ. ಸೊನ್ನೆ-ಸೊನ್ನೆ ಆದರೂ ಪರವಾಗಿಲ್ಲ.

ತಪ್ಪಿದ್ದರೆ ತಿದ್ದಿ ಹೇಳಬೇಕೆಂದು ಕೋರುತ್ತೇನೆ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ