ತೋಳ ಸುಳ್ಳು, ಸಾವು ನಿಜ

‘ದಿ ಗ್ರೇ’ ಸಿನಿಮಾದ ಟ್ರೇಲರ್ ನೋಡಿದವರು ಒಂದು ದೃಶ್ಯವನ್ನು ಮರೆತಿರಲಿಕ್ಕಿಲ್ಲ. ನಾಯಕ ಲಿಯಾಮ್ ನೀಸನ್ ಪುಟ್ಟ ಪುಟ್ಟ ಮದ್ಯದ ಬಾಟಲಿಗಳನ್ನು ಕೈಬೆರಳುಗಳಿಗೆ ಟೇಪು ಸುತ್ತಿ ಕಟ್ಟಿಕೊಂಡು, ಒಡೆದು ಚೂಪು ಮಾಡಿಕೊಂಡು, ತೋಳದೆದುರು ನಿಲ್ಲುತ್ತಾರೆ. 2012ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ಈ ಕಾಳಗ ನೋಡಲೆಂದೇ ಟಿಕೆಟ್ ತೆಗೆದರು. ಮೊದಲ ವಾರಾಂತ್ಯದ ಗಳಿಕೆಯಲ್ಲಿ ಚಿತ್ರ ಅಲ್ಲಿ ಒಂದನೇ ಸ್ಥಾನಕ್ಕೂ ಏರಿತು. ಆದರೆ ಕಾಳಗ ಇನ್ನೇನು ಶುರುವಾಗಬೇಕು, ಪರದೆ ಕಪ್ಪಾಗಿಬಿಡುತ್ತದೆ! ಮೋಸ ಹೋದೆವೆಂದು ಬಯ್ದುಕೊಂಡು ಹೊರಬಂದವರು ಬಹಳ. ಅವರ ಸಿಟ್ಟು ನ್ಯಾಯವೇ, ಆದರೆ ಬಯ್ಯಬೇಕಾದದ್ದು ಟ್ರೇಲರ್ ಕತ್ತರಿಸಿದವರನ್ನು.

ಕತೆ ಇಷ್ಟು: ಅಲಾಸ್ಕಾದ ತೈಲ ಬಾವಿಗಳ ಕೆಲಸಗಾರರನ್ನು ಹೊತ್ತ ವಿಮಾನ ಹಿಮದಲ್ಲಿ ಬೀಳುತ್ತದೆ, ಉಳಿದ ಬೆರಳೆಣಿಕೆಯ ಮಂದಿಯ ಬೆನ್ನಿಗೆ ತೋಳಗಳ ಹಿಂಡು ಬೀಳುತ್ತದೆ. ನಿರ್ದೇಶಕ ಜೋ ಕಾರ್ನಹನ್ ಇದನ್ನು ಸ್ಟುಡಿಯೋದ ಹತ್ತಿಹಿಮದಲ್ಲಿ ತೆಗೆಯಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸ್ಮಿದರ್ಸ್ ಎಂಬ ಊರಿನ ಬಳಿ, ನಿಜವಾದ ಹಿಮಗಾಳಿಯಲ್ಲಿ ನಟರನ್ನು ನಿಲ್ಲಿಸಿದರು. ಅವರ ನಡುಕದಲ್ಲಿ ನಟನೆ ಎಷ್ಟೋ, ಚಳಿ ಎಷ್ಟೋ.

ನನ್ನ ಮಟ್ಟಿಗೆ ಇಡೀ ಚಿತ್ರವಿರುವುದು ವಿಮಾನ ಬಿದ್ದ ಸ್ವಲ್ಪ ಹೊತ್ತಿಗೇ ಬರುವ ಒಂದು ದೃಶ್ಯದಲ್ಲಿ. ಮುರಿದ ವಿಮಾನದೊಳಗೆ ಒಬ್ಬನ ಹೊಟ್ಟೆಯಿಂದ ರಕ್ತ ನಿಲ್ಲದೆ ಹರಿಯುತ್ತಿದೆ. ತನಗೇನಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿಲ್ಲ. ನೀಸನ್ ಪಾತ್ರ ಆಟ್ವೇ ಅವನ ಮುಖದ ಹತ್ತಿರ ಬಾಗಿ, ನೀನು ಸಾಯುತ್ತಿದ್ದೀಯ ಎಂದು ಮೆಲ್ಲಗೆ ಹೇಳುತ್ತಾನೆ. ಬೆಚ್ಚಗಾಗುತ್ತದೆ, ಹೆದರಬೇಡ ಎನ್ನುತ್ತಾನೆ. ನಿನಗೆ ಯಾರೆಂದರೆ ಪ್ರೀತಿ ಎಂದು ಕೇಳುತ್ತಾನೆ. ಮಗಳ ನೆನಪಿನಲ್ಲಿ ಆ ಮನುಷ್ಯ ಕಣ್ಣುಮುಚ್ಚುತ್ತಾನೆ. ಸುತ್ತ ನಿಂತ ಗಂಡಸರಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದೂ ತೋಚುವುದಿಲ್ಲ. ನೀಸನ್ ಅವರ ಪತ್ನಿ, ನಟಿ ನತಾಶಾ ರಿಚರ್ಡ್‌ಸನ್, 2009ರಲ್ಲಿ ಕೆನಡಾದಲ್ಲೇ ಸ್ಕೀಯಿಂಗ್ ಮಾಡುವಾಗ ಬಿದ್ದು ತೀರಿಕೊಂಡಿದ್ದರು. ಇದು ಗೊತ್ತಿದ್ದವರಿಗೆ ಆ ಮಾತುಗಳನ್ನು ಬರೀ ಸಂಭಾಷಣೆಯೆಂದು ಕೇಳುವುದು ಕಷ್ಟ.

ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ಷಿಕಾಗೋದ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರೂವರೆ ತಾರೆ ಕೊಟ್ಟರು. ಅದೇ ದಿನ ಇನ್ನೊಂದು ಚಿತ್ರ ನೋಡಲು ಕೂತವರು ಅರ್ಧ ಗಂಟೆಗೇ ಎದ್ದು ಬಂದರು. ಈ ಗುಂಗಿನಲ್ಲಿ ಅದನ್ನು ನೋಡಿದರೆ ಆ ಚಿತ್ರಕ್ಕೆ ಅನ್ಯಾಯವಾಗುತ್ತದೆ ಎಂಬುದು ಅವರ ಕಾರಣ. ಕ್ಯಾನ್ಸರಿನಿಂದ ದನಿಯನ್ನೇ ಕಳೆದುಕೊಂಡಿದ್ದ, ಮರುವರ್ಷವೇ ತೀರಿಕೊಂಡ ಮನುಷ್ಯ ಕೊಟ್ಟ ಸರ್ಟಿಫಿಕೇಟು ಇದು.

ತೋಳಗಳ ವಿಷಯದಲ್ಲಿ ಮಾತ್ರ ಚಿತ್ರ ಶುದ್ಧ ಬುರುಡೆ. ಅಲಾಸ್ಕಾದ ತೋಳ ನಮ್ಮ ಬಯಲುಸೀಮೆಯದಕ್ಕಿಂತ ಬಹಳ ದೊಡ್ಡದು, ಒಪ್ಪೋಣ. 2010ರಲ್ಲಿ ಅಲ್ಲಿನ ಚಿಗ್ನಿಕ್ ಲೇಕ್ ಎಂಬಲ್ಲಿ ಶಿಕ್ಷಕಿಯೊಬ್ಬರನ್ನು ತೋಳಗಳು ಕೊಂದದ್ದೂ ಉಂಟು. ಅಂಥ ಪ್ರಕರಣ ಅಲ್ಲಿ ಅತಿ ವಿರಳವಾದ್ದರಿಂದಲೇ ಅದು ದೊಡ್ಡ ಸುದ್ದಿಯಾಯಿತು. ಹಿಂಡು ಕಟ್ಟಿಕೊಂಡು ಸೇಡು ತೀರಿಸುವವರಂತೆ ದಿನಗಟ್ಟಲೆ ಮನುಷ್ಯರ ಬೆನ್ನು ಹತ್ತುವುದು ತೋಳದ ಜಾಯಮಾನವಲ್ಲ. ನಮ್ಮ ಕೊಪ್ಪಳದ ಕಡೆ ಕುರಿ ಕಾಯುವ ಯಾವ ಅಜ್ಜನನ್ನಾದರೂ ಕೇಳಿ: ‘ಮರಿ ಎತ್ಕೊಂಡು ಹೋಗ್ತೈತಿ, ಕಂಬಳಿ ಹೊತ್ತವ ಎದ್ದು ನಿಂತ್ರ ಓಡ್ತೈತಿ’ ಎಂದಾನು. 2011ರಲ್ಲಿ ಅಮೆರಿಕದ ಸಂಸತ್ತು ರಾಕಿ ಪರ್ವತದ ಉತ್ತರ ಭಾಗದ ತೋಳಗಳಿಗಿದ್ದ ರಕ್ಷಣೆಯನ್ನು ತೆಗೆದುಹಾಕಿ, ಬೇಟೆ ಮತ್ತೆ ಶುರುವಾಗಿತ್ತು. ಅದರ ಬೆನ್ನಿಗೇ ಇಂಥ ಚಿತ್ರ ಬಂದರೆ ಪ್ರಾಣಿಪ್ರಿಯರು ಸುಮ್ಮನಿರುತ್ತಾರೆಯೇ? ಸಾಲದ್ದಕ್ಕೆ ಚಿತ್ರತಂಡ ಸ್ಥಳೀಯ ಬೇಟೆಗಾರನಿಂದ ತೋಳದ ಕಳೇಬರ ತರಿಸಿ, ಮಾಂಸ ಬೇಯಿಸಿ ತಿಂದಿತ್ತು. ಬಹಿಷ್ಕಾರದ ಕರೆಗೆ ಅಷ್ಟು ಸಾಕಾಯಿತು.

ಆದರೂ ನೋಡಿ ಎಂದೇ ಹೇಳುತ್ತೇನೆ, ತೋಳವನ್ನು ತಿಳಿಯಲಿಕ್ಕಲ್ಲ. ಪರದೆ ಕಪ್ಪಾದೊಡನೆ ಏಳಬೇಡಿ. ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಕೆಲವೇ ಕ್ಷಣಗಳ ಇನ್ನೊಂದು ದೃಶ್ಯವಿದೆ. ಸಿಟ್ಟಿನಿಂದ ಎದ್ದು ಹೋದವರಲ್ಲಿ ಎಷ್ಟೋ ಮಂದಿ ಅದನ್ನು ನೋಡಲೇ ಇಲ್ಲ.